ಮಣ್ಣಿಗೆ ಬಿಳಿ ಅಂಗಿ: ತವರದ ಗ್ಲೇಜಿನ ಪಾತ್ರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಜಾರದ ಗೋಡೆ ಮೇಲೆ ಐದು ತಟ್ಟೆಗಳಿವೆ. ಬಿಳಿ ಮೈ, ಅದರ ಮೇಲೆ ನೀಲಿ, ಹಳದಿ, ಹಸಿರಿನ ಚಿತ್ರ. ಎರಡು ನಾನೇ ಬರೆದದ್ದು, ಉಳಿದವು ಅಲ್ಲಿ ಇಲ್ಲಿ ಕೊಂಡದ್ದು. ಮನೆಗೆ ಬಂದವರೆಲ್ಲ ಹೆಚ್ಚು ಕಡಿಮೆ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ನಾನು ಉತ್ತರ ಶುರು ಮಾಡಿದರೆ ಅವರ ಕಾಫಿ ಆರಿ ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಇದು ಪಿಂಗಾಣಿ ಅಲ್ವಾ?

ಅಲ್ಲ. ಬೆಳ್ಳಗೆ ಹೊಳೆಯುವುದನ್ನೆಲ್ಲ ನಾವು ಪಿಂಗಾಣಿ ಅಂದುಬಿಡುತ್ತೇವೆ, ಕೈ ತೊಳೆಯುವ ಬೇಸಿನ್ ತನಕ. ಈ ತಟ್ಟೆಯ ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ, ಅಲ್ಲಿ ನೋಡಿ. ಬಿಳಿ ಬಣ್ಣ ಇರುವುದು ಉಗುರಿನಷ್ಟು ತೆಳುವಾದ ಒಂದು ಪದರದಲ್ಲಿ ಮಾತ್ರ. ಅದರ ಕೆಳಗೆ ಬಿಸ್ಕತ್ತಿನ ಬಣ್ಣದ ಮಾಮೂಲಿ ಮಣ್ಣು. ಆ ಜಾಗಕ್ಕೆ ಒಂದು ಹನಿ ನೀರು ಬಿಟ್ಟರೆ ತಕ್ಷಣ ಹೀರಿಕೊಳ್ಳುತ್ತದೆ.

ನಿಜವಾದ ಪಿಂಗಾಣಿ ಒಡೆದರೆ ಒಳಗೂ ಬಿಳಿಯೇ. ಅದು ಕೆಯೋಲಿನ್ ಎಂಬ ಬಿಳಿ ಜೇಡಿಯಿಂದ ಆಗುವುದು. ಸುಮಾರು 1,300 ಡಿಗ್ರಿಯಲ್ಲಿ ಬೆಂದು ಮೈಯೆಲ್ಲ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ತೆಳುವಾಗಿ ಮಾಡಿದರೆ ದೀಪದ ಬೆಳಕೂ ಹಾಯುತ್ತದೆ. ನಮ್ಮ ಗೋಡೆಯ ತಟ್ಟೆಗಳು 1,000 ಡಿಗ್ರಿಯ ಆಸುಪಾಸಿನಲ್ಲಿ ಬೆಂದವು. ಬೆರಳಿನಿಂದ ತಟ್ಟಿದರೆ ಪಿಂಗಾಣಿ ಟಿಣ್ ಅನ್ನುತ್ತದೆ, ಇದು ಟಕ್ ಅನ್ನುತ್ತದೆ. ಹೂಜಿಯ ಹತ್ತಿರದ ಸಂಬಂಧಿ ಇದು, ಅಷ್ಟೇ.

ಹಾಗಾದ್ರೆ ಅಜ್ಜಿಯ ಉಪ್ಪಿನಕಾಯಿ ಜಾಡಿ?

ಅದು ಮೂರನೇ ಜಾತಿ. ಜಾಡಿ, ಭರಣಿ ಎಲ್ಲ ಸ್ಟೋನ್‌ವೇರ್. 1,200 ಡಿಗ್ರಿಗೂ ಮೇಲೆ ಬೆಂದದ್ದು. ಗ್ಲೇಜ್ ಇಲ್ಲದ ಜಾಗದಲ್ಲೂ ಉಪ್ಪು, ಎಣ್ಣೆ ಒಳಗೆ ಇಳಿಯುವುದಿಲ್ಲ. ಆ ಕೆಲಸಕ್ಕೆ ಅದೇ ಸರಿ. ಈ ತಟ್ಟೆಯ ಜಾತಿಯ ಪಾತ್ರೆಯಲ್ಲಿ ಉಪ್ಪಿನಕಾಯಿ ಹಾಕಿಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗ್ಲೇಜ್ ಅಂದರೆ ಪೇಂಟಾ, ಪಾಲಿಶ್ಶಾ?

ಎರಡೂ ಅಲ್ಲ, ಗಾಜು. ನುಣ್ಣಗೆ ಅರೆದ ಮರಳನ್ನು ಕರಗಿಸಿದರೆ ಗಾಜಾಗುತ್ತದೆ. ಆದರೆ ಬರೀ ಮರಳು ಕರಗಬೇಕಾದರೆ 1,700 ಡಿಗ್ರಿ ದಾಟಬೇಕು. ಅಷ್ಟು ಹೊತ್ತಿಗೆ ಪಾತ್ರೆಯೇ ಕುಸಿದಿರುತ್ತದೆ. ಅದಕ್ಕೆ ಬೇಗ ಕರಗಿಸುವ ಇನ್ನೊಂದು ವಸ್ತು ಸೇರಿಸಬೇಕು. ಹಳೇ ಕಾಲದವರು ಸೀಸ ಹಾಕುತ್ತಿದ್ದರು. ಸೀಸ ಸೇರಿದರೆ ಮರಳು 1,000 ಡಿಗ್ರಿಯ ಒಳಗೇ ಕರಗಿ ಪಾತ್ರೆಯ ಮೈಗೆ ಸರಾಗವಾಗಿ ಹಬ್ಬುತ್ತದೆ. ಹೊಳಪೂ ಅಮೋಘ.

ಆದರೆ ಸೀಸದ ಗ್ಲೇಜ್ ಪಾರದರ್ಶಕ. ಕೆಳಗಿನ ಕೆಂಪು ಮಣ್ಣು ಹಾಗೇ ಕಾಣುತ್ತದೆ. ಬಿಳಿ ಬೇಕಿದ್ದರೆ ತವರ ಬೇಕು. ತವರದ ಬೂದಿಯನ್ನು, ಅಂದರೆ ತವರದ ಆಕ್ಸೈಡನ್ನು, ನೂರಕ್ಕೆ ಐದರಿಂದ ಹತ್ತು ಪಾಲು ಸೇರಿಸಿದರೆ ಅದು ಗಾಜಿನಲ್ಲಿ ಕರಗದೆ ಸಣ್ಣ ಸಣ್ಣ ಕಣಗಳಾಗಿ ತೇಲುತ್ತದೆ. ಬೆಳಕು ಆ ಕಣಗಳಿಗೆ ಬಡಿದು ಚೆದುರುತ್ತದೆ. ಹಾಲು ಬೆಳ್ಳಗೆ ಕಾಣುವುದೂ ಹೀಗೆಯೇ. ಅಲ್ಲಿ ಕೊಬ್ಬಿನ ಕಣ, ಇಲ್ಲಿ ತವರದ ಕಣ.

ಈ ಉಪಾಯ ಮೊದಲು ಹೊಳೆದದ್ದು ಯಾರಿಗೆ?

ಇರಾಕಿನ ಕುಂಬಾರರಿಗೆ, ಮುಖ್ಯವಾಗಿ ಬಸ್ರಾ ಊರಿನವರಿಗೆ, 9ನೇ ಶತಮಾನದ ಹೊತ್ತಿಗೆ. ಕಾರಣ ಸರಳ: ಹೊಟ್ಟೆಕಿಚ್ಚು. ಚೀನಾದಿಂದ ಹಡಗಿನಲ್ಲಿ ಬೆಳ್ಳನೆಯ ಬಟ್ಟಲುಗಳು ಬರುತ್ತಿದ್ದವು. ಅಬ್ಬಾಸಿದ್ ಖಲೀಫರ ಕಾಲದ ಸಿರಿವಂತರು ಅದಕ್ಕೆ ಮುಗಿಬೀಳುತ್ತಿದ್ದರು. ಬಸ್ರಾದಲ್ಲಿ ಕೆಯೋಲಿನ್ ಇರಲಿಲ್ಲ, ಅಷ್ಟು ಬಿಸಿಯಾಗುವ ಆವಿಗೆಯೂ ಇರಲಿಲ್ಲ. ಇದ್ದದ್ದು ಹಳದಿ ಛಾಯೆಯ ಮಾಮೂಲಿ ಜೇಡಿಮಣ್ಣು. ಸರಿ, ಮೈ ಬಿಳಿಯಾಗದಿದ್ದರೆ ಅಂಗಿಯಾದರೂ ಬಿಳಿ ಇರಲಿ ಎಂದು ತವರದ ಗ್ಲೇಜ್ ತೊಡಿಸಿದರು.

ಅಲ್ಲಿಗೇ ನಿಂತಿದ್ದರೆ ಅದೊಂದು ನಕಲು, ಅಷ್ಟೇ. ಆದರೆ ಅವರು ಆ ಬಿಳಿ ಮೈ ಮೇಲೆ ಕೋಬಾಲ್ಟಿನ ನೀಲಿಯಲ್ಲಿ ಎಲೆ, ಹೂವು, ಅರಬ್ಬಿ ಅಕ್ಷರ ಬರೆಯಲು ಶುರು ಮಾಡಿದರು. ಆ ನೀಲಿ ಹಿಮ ಕರಗಿದ ಹಾಗೆ ಅಂಚಿನಲ್ಲಿ ಸ್ವಲ್ಪ ಹರಡಿಕೊಂಡಿರುತ್ತದೆ. ಬಿಳಿ ಮೇಲೆ ನೀಲಿ ಅಂದರೆ ಚೀನಾದ್ದೇ ಅಂದುಕೊಳ್ಳುತ್ತೇವೆ. ಆದರೆ ಆ ಜೋಡಿ ಮನಸ್ಸಿಗೆ ಹಿಡಿಸಿದವರಲ್ಲಿ ಬಸ್ರಾದವರು ಮೊದಲಿಗರು. ಇಂಡೋನೇಷ್ಯಾದ ಬೆಲಿಟಂಗ್ ದ್ವೀಪದ ಹತ್ತಿರ 1998ರಲ್ಲಿ ಒಂದು ಮುಳುಗಿದ ಹಡಗು ಸಿಕ್ಕಿತು. 9ನೇ ಶತಮಾನದ ಅರಬ್ಬಿ ಮಾದರಿಯ ಹಡಗು. ಒಳಗೆ ಸುಮಾರು 60,000 ಚೀನೀ ಪಾತ್ರೆಗಳು. ಅಷ್ಟರಲ್ಲಿ ನೀಲಿ ಚಿತ್ರವಿದ್ದ ಬಿಳಿ ತಟ್ಟೆಗಳು ಮೂರೇ ಮೂರು. ಪಶ್ಚಿಮದ ಗಿರಾಕಿಗಳ ರುಚಿಗೆ ಚೀನಾದವರು ಮಾಡಿ ನೋಡಿದ ಸ್ಯಾಂಪಲ್ ಇರಬೇಕು ಅಂತ ನನ್ನ ಊಹೆ.

ಮಯೋಲಿಕಾ, ಫಯಾನ್ಸ್, ಡೆಲ್ಫ್ಟ್, ಅಜುಲೇಜು... ಎಲ್ಲಾ ಬೇರೆ ಬೇರೆಯಾ?

ಅಡುಗೆ ಒಂದೇ, ಊರಿಗೊಂದು ಹೆಸರು. ತವರದ ಗ್ಲೇಜ್ ಇರಾಕಿನಿಂದ ಉತ್ತರ ಆಫ್ರಿಕಾ ದಾಟಿ ಮುಸ್ಲಿಂ ಅರಸರ ಕೈಯಲ್ಲಿದ್ದ ಸ್ಪೇನಿಗೆ ಹೋಯಿತು. ಮಾಲಗಾ, ಆಮೇಲೆ ವಲೆನ್ಸಿಯಾದ ಪಕ್ಕದ ಮನಿಸೆಸ್ ಊರು ಹೆಸರು ಮಾಡಿದವು. ಸ್ಪೇನಿನ ಸರಕು ಮಯೋರ್ಕಾ ದ್ವೀಪದ ಮೇಲೆ ಇಟಲಿಗೆ ಹೋಗುತ್ತಿತ್ತು. ಅದಕ್ಕೇ ಇಟಲಿಯವರು ಮಯೋಲಿಕಾ ಅಂದರು ಎಂಬುದು ಹೆಚ್ಚಿನವರ ಮಾತು. ಮಾಲಗಾದ ಹೆಸರೇ ತಿರುಚಿಕೊಂಡಿತು ಎನ್ನುವವರೂ ಇದ್ದಾರೆ. ಇಟಲಿಯ ಫಯೆಂಜಾ ಊರಿನ ಪಾತ್ರೆ ಫ್ರಾನ್ಸಿಗೆ ಹೋಗಿ ಫಯಾನ್ಸ್ ಆಯಿತು. ಹಾಲೆಂಡಿನ ಡೆಲ್ಫ್ಟ್ ಊರಿನದು ಡೆಲ್ಫ್ಟ್. ಪೋರ್ಚುಗಲ್ಲಿನ ಅಜುಲೇಜು ಅಂದರೆ ಟೈಲ್ಸ್. ಆ ಹೆಸರು ಅರಬ್ಬಿ ಮೂಲದ್ದು, ಹೊಳಪು ಕೊಟ್ಟ ಸಣ್ಣ ಕಲ್ಲು ಅಂತ ಅರ್ಥ. ಸ್ಪೇನಿನವರು ಇದೇ ವಿದ್ಯೆಯನ್ನು ಮೆಕ್ಸಿಕೋಗೆ ಒಯ್ದರು, ಅಲ್ಲಿ ತಲವೇರಾ ಆಯಿತು. ಸ್ಪೇನ್ ಮತ್ತು ಮೆಕ್ಸಿಕೋದ ಈ ಕಸುಬನ್ನು 2019ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು.

ಒಂದೇ ಒಂದು ಎಚ್ಚರಿಕೆ. ಇಂಗ್ಲೆಂಡಿನಲ್ಲಿ ಮಜೋಲಿಕಾ ಅಂದರೆ ಬೇರೆ. ಮಿಂಟನ್ ಕಂಪನಿ 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಗಾಢ ಬಣ್ಣದ, ಉಬ್ಬು ಚಿತ್ತಾರದ ಪಾತ್ರೆಗಳನ್ನು ತೋರಿಸಿತು. ಬಣ್ಣದ ಸೀಸದ ಗ್ಲೇಜ್ ಅದು. ಹೆಸರು ಮಾತ್ರ ಇಟಲಿಯದು. ಈ ಗೊಂದಲ ನಮ್ಮ ಮನೆಗಳ ತನಕ ಬಂದಿದೆ, ಮುಂದೆ ನೋಡೋಣ.

ಚಿತ್ರ ಬರೆಯೋದು ಹೇಗೆ? ಸುಟ್ಟ ಮೇಲಾ, ಮೊದಲಾ?

ನನಗೆ ಜಾಸ್ತಿ ಇಷ್ಟದ ಪ್ರಶ್ನೆ ಇದೇ. ಸುಟ್ಟ ಮೇಲೆ ಮತ್ತು ಸುಡುವ ಮೊದಲು, ಎರಡೂ ಹೌದು.

ತಿಗುರಿಯಲ್ಲಿ ತಟ್ಟೆ ತಿರುಗಿಸಿ, ಒಣಗಿಸಿ, ಒಮ್ಮೆ ಸುಡುತ್ತೇವೆ. ಈಗ ಅದು ಗಟ್ಟಿ, ಆದರೆ ಸ್ಪಂಜಿನಂತೆ ನೀರು ಕುಡಿಯುತ್ತದೆ. ಗ್ಲೇಜಿನ ಪುಡಿಯನ್ನು ನೀರಿನಲ್ಲಿ ಕದಡಿ, ನೀರ್ದೋಸೆ ಹಿಟ್ಟಿಗಿಂತ ಒಂಚೂರು ಗಟ್ಟಿಯಾಗಿ ಮಾಡಿಕೊಂಡು, ತಟ್ಟೆಯನ್ನು ಅದರಲ್ಲಿ ಮುಳುಗಿಸಿ ಎರಡು ಮೂರು ಸೆಕೆಂಡಿಗೆ ಎತ್ತಬೇಕು. ಮಣ್ಣು ನೀರನ್ನು ಹೀರಿಕೊಂಡು ಪುಡಿಯನ್ನು ಮೇಲೆ ಬಿಡುತ್ತದೆ. ನಿಮಿಷದಲ್ಲಿ ಒಣಗಿ ಸುಣ್ಣ ಬಳಿದ ಗೋಡೆಯ ಹಾಗಾಗುತ್ತದೆ. ಬೆರಳು ಸವರಿದರೆ ಪುಡಿ ಹತ್ತುತ್ತದೆ.

ಆ ಹಸಿ ಪುಡಿಯ ಮೇಲೆ ಚಿತ್ರ ಬರೆಯಬೇಕು. ಕುಂಚ ತಾಗಿದ್ದೇ ತಡ, ಪುಡಿ ಅದರ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಕ್ಷಣ ನಿಂತರೆ ಅಲ್ಲೇ ಚುಕ್ಕೆ ಬಿತ್ತು. ಒತ್ತಿದರೆ ಗ್ಲೇಜೇ ಕಿತ್ತು ಬರುತ್ತದೆ. ಅಳಿಸಲು ಆಗುವುದಿಲ್ಲ. ತಿದ್ದಲು ಹೋದರೆ ಇನ್ನೂ ಕೆಡುತ್ತದೆ. ಹಾಗಾಗಿ ಗೆರೆ ಎಳೆಯುವ ಮೊದಲು ಕೈ ಗಾಳಿಯಲ್ಲಿ ನಾಲ್ಕು ಸಲ ಆಡಿರಬೇಕು. ಬೆಳಿಗ್ಗೆ ಬಾಗಿಲ ಮುಂದೆ ಎಳೆ ರಂಗೋಲಿ ಬಿಡುವವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ನಮ್ಮ ಅತ್ತೆ ಮೊದಲ ದಿನವೇ ನನಗಿಂತ ಚೆಂದದ ಬಳ್ಳಿ ಎಳೆದರು. ಅವರು ಕುಂಚ ಹಿಡಿದದ್ದು ಅದೇ ಮೊದಲು!

ಇನ್ನೊಂದು ಕಷ್ಟ ಏನೆಂದರೆ ಬರೆಯುವಾಗ ಬಣ್ಣ ಬಣ್ಣವಾಗಿ ಕಾಣುವುದಿಲ್ಲ. ನೀಲಿಯ ಕೋಬಾಲ್ಟ್ ಪುಡಿ ಒಂದು ರೂಪದಲ್ಲಿ ಕಪ್ಪು, ಇನ್ನೊಂದರಲ್ಲಿ ನೇರಳೆ ಗುಲಾಬಿ. ತಟ್ಟೆ ಇನ್ನೊಮ್ಮೆ ಸುಟ್ಟು, ಗ್ಲೇಜ್ ಕರಗಿ, ಬಣ್ಣ ಅದರೊಳಗೆ ಮುಳುಗಿದ ಮೇಲೆಯೇ ನೀಲಿ. ಮಾರನೇ ದಿನ ಕಿಲ್ನ್, ಅಂದರೆ ಸುಡುವ ಗೂಡಿನ, ಬಾಗಿಲು ತೆಗೆಯುವ ತನಕ ಏನು ಬರೆದೆ ಅಂತ ನಮಗೇ ಪೂರ್ತಿ ಗೊತ್ತಿರುವುದಿಲ್ಲ.

ಎಲ್ಲಾ ತಟ್ಟೆಗಳಲ್ಲೂ ಒಂದೇ ನಾಲ್ಕೈದು ಬಣ್ಣ. ಯಾಕೆ?

ಅಷ್ಟು ಬೆಂಕಿ ತಡೆಯುವ ಬಣ್ಣ ಇದ್ದದ್ದೇ ಅಷ್ಟು. ಕೋಬಾಲ್ಟ್ ನೀಲಿ, ತಾಮ್ರ ಹಸಿರು, ಆಂಟಿಮನಿ ಹಳದಿ, ಮ್ಯಾಂಗನೀಸ್ ನೇರಳೆ ಮತ್ತು ಕಂದು. ಹಳದಿಗೆ ಕಬ್ಬಿಣ ಬೆರೆಸಿದರೆ ಕಿತ್ತಳೆ. ಅಪ್ಪಟ ಕೆಂಪು ಮಾತ್ರ ಕೈಗೆ ಸಿಗದೆ ಸತಾಯಿಸಿತು. ಕಬ್ಬಿಣದ ಕೆಂಪು ಗ್ಲೇಜಿನಲ್ಲಿ ಕಂದಾಗಿಬಿಡುತ್ತದೆ. ಹಳೇ ಮಯೋಲಿಕಾದಲ್ಲಿ ರಕ್ತ ಹರಿಯುವ ಯುದ್ಧದ ದೃಶ್ಯದಲ್ಲೂ ರಕ್ತ ಕಿತ್ತಳೆಯೇ. ತಾಮ್ರದ ಹಸಿರು ಇನ್ನೊಂದು ತುಂಟ, ಗೆರೆ ದಾಟಿ ಹರಿಯುತ್ತದೆ.

ಚಿನ್ನದ ಹಾಗೆ ಮಿಂಚುವವೂ ಇವೆಯಲ್ಲ, ಅದು ಚಿನ್ನವಾ?

ಒಂದು ಗುಂಜಿಯೂ ಇಲ್ಲ. ಬೆಳ್ಳಿ ಮತ್ತು ತಾಮ್ರದ ಉಪ್ಪುಗಳನ್ನು ಕಾವಿ ಮಣ್ಣಿನಲ್ಲಿ ಕಲಸಿ, ಆಗಲೇ ಸುಟ್ಟು ತೆಗೆದ ಬಿಳಿ ಗ್ಲೇಜಿನ ಮೇಲೆ ಬರೆದು, ಮೂರನೇ ಸಲ ಸಣ್ಣ ಬೆಂಕಿಯಲ್ಲಿ ಹೊಗೆ ಕೂರಿಸಿ ಸುಡುತ್ತಾರೆ. ಗಾಳಿ ಸಿಗದ ಬೆಂಕಿ ಆ ಉಪ್ಪಿನಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಗ್ಲೇಜಿನ ಮೇಲ್ಮೈಯಲ್ಲಿ ಲೋಹದ ಅತಿ ತೆಳು ಪದರ ಉಳಿಯುತ್ತದೆ. ಹೊರ ತೆಗೆದಾಗ ಕೊಳಕು ಮಣ್ಣು ಮೆತ್ತಿದ ಹಾಗಿರುತ್ತದೆ. ಒರೆಸಿದರೆ ಕೆಳಗೆ ಹೊನ್ನಿನ ಮಿಂಚು. ಇದೂ ಇರಾಕಿನವರ ವಿದ್ಯೆ. ಸ್ಪೇನಿನ ಮನಿಸೆಸ್, ಇಟಲಿಯ ದೆರೂತಾ ಮತ್ತು ಗುಬ್ಬಿಯೋ ಇದರಿಂದಲೇ ಬದುಕಿದವು.

ಸಿಪ್ರಿಯಾನೋ ಪಿಕೋಲ್‌ಪಾಸೋ ಎಂಬಾತ 1557ರ ಸುಮಾರಿಗೆ ಕುಂಬಾರಿಕೆಯ ಬಗ್ಗೆ ಚಿತ್ರ ಸಹಿತ ಒಂದು ಕೈಬರಹದ ಪುಸ್ತಕ ಬರೆದ. ಮಣ್ಣು ಅಗೆಯುವುದರಿಂದ ಹಿಡಿದು ಆವಿಗೆ ಜೋಡಿಸುವ ತನಕ ಎಲ್ಲ ಇದೆ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಮಿಂಚಿನ ಬಗ್ಗೆ ಅವನ ಲೆಕ್ಕ ಹೀಗೆ: ನೂರು ಪಾತ್ರೆ ಇಟ್ಟರೆ ಚೆನ್ನಾಗಿ ಬರುವುದು ಆರು, ಅದೂ ಕೆಲವು ಸಲ. ಇವತ್ತಿಗೂ ಕಿಲ್ನ್ ಕೆಟ್ಟ ದಿನ ನಾವು ಈ ಲೆಕ್ಕ ಹೇಳಿ ಸಮಾಧಾನ ಮಾಡಿಕೊಳ್ಳುತ್ತೇವೆ.

ಇಟಲಿಯ ತಟ್ಟೆಗಳಲ್ಲಿ ಅಷ್ಟೊಂದು ಜನ ಯಾಕೆ? ಊಟ ಮಾಡುವ ತಟ್ಟೆ ತಾನೇ?

ತಟ್ಟೆಯನ್ನು ಕ್ಯಾನ್ವಾಸ್ ಮಾಡಿಕೊಂಡಿದ್ದರು. 16ನೇ ಶತಮಾನದಲ್ಲಿ ಉರ್ಬಿನೋ ಸುತ್ತಮುತ್ತ ಕಥೆಯ ತಟ್ಟೆಗಳ ಹುಚ್ಚು ಹತ್ತಿತು. ಗ್ರೀಕ್ ಪುರಾಣ, ಬೈಬಲ್, ರೋಮಿನ ಇತಿಹಾಸ, ಯಾವುದಾದರೂ ಸರಿ, ಅಂಚಿನಿಂದ ಅಂಚಿಗೆ ಚಿತ್ರ. ರಫಾಯೆಲ್‌ನಂಥ ಕಲಾವಿದರ ಚಿತ್ರಗಳ ಅಚ್ಚು ಪ್ರತಿಗಳು ಆಗ ಮಾರುಕಟ್ಟೆಗೆ ಬಂದಿದ್ದವು. ಕುಂಬಾರರು ಅದರಿಂದ ಒಂದು ಕೈ, ಇದರಿಂದ ಒಂದು ಕುದುರೆ ಎತ್ತಿ ಜೋಡಿಸುತ್ತಿದ್ದರು. ನಿಕೋಲಾ ದ ಉರ್ಬಿನೋ ಎಂಬ ಚಿತ್ರಗಾರ ಮಾಂಟುವಾದ ಅರಸು ಮನೆತನದ ಇಸಬೆಲ್ಲಾ ದೆಸ್ತೆಗಾಗಿ 1524ರ ಸುಮಾರಿಗೆ ಬರೆದ ತಟ್ಟೆಗಳಲ್ಲಿ 20ಕ್ಕೂ ಹೆಚ್ಚು ಇನ್ನೂ ಉಳಿದಿವೆ. ಅವಳ ಮಗಳು ತಾಯಿಗೆ ಮಾಡಿಸಿಕೊಟ್ಟ ಉಡುಗೊರೆ ಅದು. ತೋಟದ ಮನೆಗೆ ಚೆನ್ನಾಗಿರುತ್ತದೆ ಅಂತ ಮಗಳು ಕಾಗದದಲ್ಲಿ ಬರೆದಿದ್ದಳು. ಅಂದರೆ ಅರಮನೆಯಲ್ಲಿ ಬೆಳ್ಳಿ ತಟ್ಟೆ, ತೋಟದ ಮನೆಗೆ ಮಣ್ಣಿನದು. ಎಷ್ಟೇ ಚಿತ್ರ ಬರೆದರೂ ಮಣ್ಣು ಮಣ್ಣೇ ಆಗಿತ್ತು ಅವರಿಗೆ.

ನನಗೆ ಕೇಳಿದರೆ ಆ ಕಥೆ ತಟ್ಟೆಗಳಿಗಿಂತ ಔಷಧಿ ಅಂಗಡಿಯ ಜಾಡಿಗಳೇ ಚೆಂದ. ಅಲ್ಬರೆಲ್ಲೋ ಅಂತ ಹೆಸರು. ಉದ್ದನೆಯ ಮೈ, ನಡು ಮಾತ್ರ ಒಳಕ್ಕೆ ಬಳುಕಿರುತ್ತದೆ. ಕಪಾಟಿನಲ್ಲಿ ಒತ್ತೊತ್ತಾಗಿ ನಿಂತ ಸಾಲಿನಿಂದ ಒಂದನ್ನು ಎತ್ತಬೇಕಾದರೆ ಬೆರಳು ಹೋಗಲು ಜಾಗ ಬೇಕಲ್ಲ, ಅದಕ್ಕೆ ಆ ನಡು. ಬಾಯಿಯ ಅಂಚು ಹೊರಕ್ಕೆ ಮಡಿಚಿರುತ್ತದೆ, ತೊಗಲು ಮುಚ್ಚಿ ದಾರ ಕಟ್ಟಲು. ಈ ಆಕಾರವೂ ಪಶ್ಚಿಮ ಏಷ್ಯಾದಿಂದ ಬಂದದ್ದೇ.

ಪಾತ್ರೆ ಬಿಟ್ಟು ಬೇರೆ ಏನಾದರೂ?

ಶಿಲ್ಪ. ಫ್ಲಾರೆನ್ಸಿನ ಲೂಕಾ ದೆಲ್ಲಾ ರಾಬಿಯಾ 1440ರ ದಶಕದಲ್ಲಿ ಸುಟ್ಟ ಮಣ್ಣಿನ ಮೂರ್ತಿಗಳಿಗೆ ಇದೇ ಗ್ಲೇಜ್ ಕೊಟ್ಟ. ಅಮೃತಶಿಲೆಯ ಬಿಳುಪು, ಖರ್ಚು ಕಡಿಮೆ. ಅಲ್ಲಿನ ಅನಾಥಾಲಯದ ಕಮಾನುಗಳ ಮೇಲೆ ಬಟ್ಟೆ ಸುತ್ತಿದ ಹಸುಗೂಸುಗಳಿವೆ. ಅವು ಅವನ ಅಣ್ಣನ ಮಗ ಆಂದ್ರೆಯಾ ಮಾಡಿದ್ದು. ಐದು ಶತಮಾನದ ಬಿಸಿಲು ಮಳೆಗೆ ಬಣ್ಣ ಮಾಸಿಲ್ಲ.

ಮೇಜು ಕುರ್ಚಿ ಸುಟ್ಟು ಗ್ಲೇಜ್ ಕರಗಿಸಿದವನ ಕಥೆ ನಿಜವಾ?

ಅವನೇ ಬರೆದುಕೊಂಡಿದ್ದಾನೆ, 1580ರಲ್ಲಿ. ಫ್ರಾನ್ಸಿನ ಬರ್ನಾರ್ಡ್ ಪಾಲಿಸಿ. ಯಾರೋ ತೋರಿಸಿದ ಒಂದು ಬಿಳಿ ಬಟ್ಟಲು ಕಂಡು ಇದನ್ನು ಮಾಡಿಯೇ ತೀರುತ್ತೇನೆ ಅಂತ ಕೂತ. ವರ್ಷಗಟ್ಟಲೆ ಆಗಲಿಲ್ಲ. ಒಮ್ಮೆ ಗ್ಲೇಜ್ ಇನ್ನೇನು ಕರಗಬೇಕು, ಸೌದೆ ಮುಗಿಯಿತು. ತೋಟದ ಬೇಲಿ ಕಿತ್ತು ಹಾಕಿದ. ಸಾಲಲಿಲ್ಲ. ಮೇಜು ಹಾಕಿದ, ಮನೆಯ ನೆಲದ ಹಲಗೆ ಕಿತ್ತು ಹಾಕಿದ. ಊರವರು ಹುಚ್ಚ ಅಂದರು. ಹೆಂಡತಿ ಏನಂದಿರಬೇಕು, ನೀವೇ ಯೋಚಿಸಿ. ಕೊನೆಗೆ ಅವನಿಗೆ ಹೆಸರು ತಂದದ್ದು ಬಿಳಿ ಪಾತ್ರೆ ಅಲ್ಲ. ಹಾವು, ಕಪ್ಪೆ, ಮೀನು, ಎಲೆಗಳ ಅಚ್ಚು ತೆಗೆದು ಬಣ್ಣದ ಸೀಸದ ಗ್ಲೇಜ್ ಹಾಕಿದ ದೊಡ್ಡ ತಟ್ಟೆಗಳು. ಮಳೆಗಾಲದ ಕೆರೆ ದಂಡೆಯನ್ನು ಎತ್ತಿ ಇಟ್ಟ ಹಾಗೆ. ಅದರಲ್ಲಿ ಊಟ ಮಾಡಲು ನನಗಂತೂ ಧೈರ್ಯವಿಲ್ಲ.

ಡೆಲ್ಫ್ಟ್ ನೀಲಿ ಅಷ್ಟು ಹೆಸರಾಗಲು ಏನು ಕಾರಣ?

ಕಡಲ್ಗಳ್ಳತನ, ಬಿಯರ್ ಮತ್ತು ಚೀನಾದ ಅಂತರ್ಯುದ್ಧ.

1603ರಲ್ಲಿ ಡಚ್ಚರು ಸಿಂಗಪುರದ ಹತ್ತಿರ ಸಾಂಟಾ ಕತರೀನಾ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದರಲ್ಲಿದ್ದ ಚೀನೀ ಪಿಂಗಾಣಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಾಯಿತು. ಊರಿಗೆ ಊರೇ ನೀಲಿ ಬಿಳಿಯ ಮೋಹಕ್ಕೆ ಬಿತ್ತು. ಆಮೇಲೆ 1644ರಲ್ಲಿ ಮಿಂಗ್ ಅರಸೊತ್ತಿಗೆ ಬಿದ್ದು ಚೀನಾದಲ್ಲಿ ಗಲಾಟೆ ಶುರುವಾಯಿತು. ಸರಕು ಬರುವುದು ಕಡಿಮೆಯಾಯಿತು. ಗಿರಾಕಿ ಇದ್ದಾರೆ, ಮಾಲಿಲ್ಲ. ಅದೇ ಹೊತ್ತಿಗೆ ಡೆಲ್ಫ್ಟಿನ ಬಿಯರ್ ಕಾರ್ಖಾನೆಗಳು ಒಂದೊಂದೇ ಮುಚ್ಚುತ್ತಿದ್ದವು. ದೊಡ್ಡ ಕಟ್ಟಡ, ಪಕ್ಕದಲ್ಲೇ ಕಾಲುವೆ. ಕುಂಬಾರರು ಬಂದು ಕೂತರು, ಎಷ್ಟೋ ಕಡೆ ಬಿಯರ್ ಕಾರ್ಖಾನೆಯ ಹಳೇ ಹೆಸರನ್ನೇ ಇಟ್ಟುಕೊಂಡರು. ಒಂದು ಕಾಲಕ್ಕೆ ಆ ಸಣ್ಣ ಊರಿನಲ್ಲಿ 30ಕ್ಕೂ ಹೆಚ್ಚು ಕಾರ್ಖಾನೆಗಳಿದ್ದವು. ಅವರೂ ತಮ್ಮ ಮಣ್ಣಿನ ಪಾತ್ರೆಯನ್ನು ಪಿಂಗಾಣಿ ಅಂತಲೇ ಮಾರುತ್ತಿದ್ದರು. ನಮಗೆ ಮಾತ್ರ ಅಲ್ಲ ಈ ಅಭ್ಯಾಸ.

ಒಂದೇ ಚಿತ್ರ ನೂರು ತಟ್ಟೆಗೆ ಬೇಕಾದರೆ ಕಾಗದದ ಮೇಲೆ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ತಟ್ಟೆ ಮೇಲಿಟ್ಟು, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ತಟ್ಟುತ್ತಿದ್ದರು. ತೂತಿನ ರಂಗೋಲಿ ಅಚ್ಚು ಗೊತ್ತಲ್ಲ, ಅದೇ. ಕಪ್ಪು ಚುಕ್ಕೆಗಳ ಮೇಲೆ ಕುಂಚ ಆಡಿಸಿದರೆ ಆಯಿತು. ಇದ್ದಿಲು ಬೆಂಕಿಯಲ್ಲಿ ಸುಟ್ಟು ಹೋಗುತ್ತದೆ. ಬರೆದಾದ ಮೇಲೆ ಮೇಲಿಂದ ಪಾರದರ್ಶಕ ಸೀಸದ ಗ್ಲೇಜನ್ನು ಚಿಮುಕಿಸುತ್ತಿದ್ದರು. ಪಿಂಗಾಣಿಯ ಆಳವಾದ ಹೊಳಪು ಬರಬೇಕಲ್ಲ!

ಹಳೇ ಡೆಲ್ಫ್ಟ್ ತಟ್ಟೆ ಕೈಗೆ ಸಿಕ್ಕರೆ ಅಂಚಿನ ಕೆಳಗೆ ಬೆರಳು ಆಡಿಸಿ. ಮೂರು ಸಣ್ಣ ಗಾಯದ ಗುರುತು ಸಿಗುತ್ತದೆ. ಸುಡುವಾಗ ತಟ್ಟೆಗಳು ಒಂದಕ್ಕೊಂದು ಅಂಟದಿರಲಿ ಎಂದು ಮಣ್ಣಿನ ಮೂರು ಕಡ್ಡಿಗಳ ಮೇಲೆ ಕೂರಿಸುತ್ತಿದ್ದರು. ಟೈಲ್ಸ್ ಆದರೆ ಮುಂಭಾಗದ ಮೂಲೆಯಲ್ಲಿ ಸೂಜಿ ಮೊನೆಯಷ್ಟು ತೂತು ಹುಡುಕಿ. ಹಸಿ ಟೈಲನ್ನು ಅಳತೆಗೆ ಕೊಯ್ಯುವ ಹಲಗೆಯಲ್ಲಿ ಇದ್ದ ಮೊಳೆಯ ಗುರುತು ಅದು.

ಈಗಲೂ ಅಲ್ಲಿ ಮಾಡುತ್ತಾರಾ?

17ನೇ ಶತಮಾನದವುಗಳಲ್ಲಿ ಉಳಿದದ್ದು ಒಂದೇ, 1653ರಲ್ಲಿ ಶುರುವಾದ ಪೋರ್ಸೆಲೈನೆ ಫ್ಲೆಸ್. 1876ರಲ್ಲಿ ಕೈ ಬದಲಾದ ಮೇಲೆ ಅವರು ಬಿಳಿ ಮಣ್ಣಿಗೆ ಹೊರಳಿದರು. ಹಾಗಾಗಿ ಅಲ್ಲಿಂದ ಬರುವ ಕೈಬರಹದ ನೀಲಿ ತಟ್ಟೆಗೆ ತವರದ ಅಂಗಿ ಇಲ್ಲ. ವಿಮಾನ ನಿಲ್ದಾಣದಲ್ಲಿ ಸಿಗುವ ಸಣ್ಣ ಗಾಳಿಯಂತ್ರ, ಮರದ ಚಪ್ಪಲಿ ಆಕಾರದವು ಬಹುಪಾಲು ಅಚ್ಚು ಹಾಕಿದ್ದು. ತಂದುಕೊಟ್ಟವರ ಪ್ರೀತಿ ದೊಡ್ಡದು, ಅದನ್ನು ಅವರ ಮುಂದೆ ಹೇಳಬೇಡಿ.

ಇಷ್ಟು ಚೆನ್ನಾಗಿದ್ದದ್ದು ಯಾಕೆ ನಿಂತಿತು?

ಬಿಳಿ ಮಣ್ಣು ಸಿಕ್ಕಿತು. 1760ರ ದಶಕದಲ್ಲಿ ಇಂಗ್ಲೆಂಡಿನ ಜೋಸಾಯ ವೆಜ್‌ವುಡ್ ಕೆನೆಬಣ್ಣದ ಗಟ್ಟಿ ಪಾತ್ರೆಗಳನ್ನು ರಾಶಿ ರಾಶಿ ಮಾಡಿ ಮಾರಿದ. ರಾಣಿಯೇ ಮೆಚ್ಚಿ ಕೊಂಡಳು. ಮೈಯೇ ಬೆಳ್ಳಗಿದ್ದ ಮೇಲೆ ದುಬಾರಿ ತವರ ಯಾಕೆ? ಅದೂ ಅಲ್ಲದೆ ತವರದ ಗ್ಲೇಜ್ ಅಂಚಿನಲ್ಲಿ ಬೇಗ ಚಕ್ಕೆ ಏಳುತ್ತದೆ. ಚೂರಿ, ಚಮಚ ತಾಗಿ ತಾಗಿ ಕೆಡುತ್ತದೆ.

ನನ್ನ ತಟ್ಟೆಯಲ್ಲಿ ಜೇಡರ ಬಲೆಯಂಥ ಬಿರುಕು ಬಂದಿದೆ. ಹಳೇದು ಅಂತ ಅರ್ಥವಾ?

ಬಿರುಕಿನಿಂದ ವಯಸ್ಸು ಹೇಳಲು ಬರುವುದಿಲ್ಲ. ನಾನು ಮಾಡಿದ ಒಂದು ಬಟ್ಟಲು ಕಿಲ್ನಿನಿಂದ ತೆಗೆದ ಅರ್ಧ ಗಂಟೆಗೇ ಟಿಂಗ್ ಟಿಂಗ್ ಅಂತ ಸದ್ದು ಮಾಡುತ್ತಾ ಬಿರುಕು ಬಿಟ್ಟಿತ್ತು. ಆರುವಾಗ ಮಣ್ಣು ಮತ್ತು ಗ್ಲೇಜ್ ಎರಡೂ ಕುಗ್ಗುತ್ತವೆ. ಗ್ಲೇಜ್ ಜಾಸ್ತಿ ಕುಗ್ಗಿದರೆ ಬಿಗಿಯಾದ ಅಂಗಿಯ ಹೊಲಿಗೆ ಬಿಟ್ಟ ಹಾಗೆ ಸೀಳುತ್ತದೆ. ಅದಕ್ಕೇ ಇಟಲಿ, ಹಾಲೆಂಡಿನವರು ಸುಣ್ಣದ ಅಂಶ ಇರುವ ಮಣ್ಣು ಹುಡುಕಿ ಬೆರೆಸುತ್ತಿದ್ದರು. ಅಂಥ ಮಣ್ಣು ಗ್ಲೇಜಿನ ಜೊತೆ ಸರಿಸಮ ಕುಗ್ಗುತ್ತದೆ. ಕೆಲವು ಪಾತ್ರೆಗಳು ವರ್ಷಗಳ ಮೇಲೆ ಗಾಳಿಯ ತೇವ ಹೀರಿ ಉಬ್ಬಿ ಬಿರುಕು ಬಿಡುತ್ತವೆ, ಅದೂ ಉಂಟು. ಹಳೇದು ಅಂತ ತೋರಿಸಲು ಬಿರುಕಿಗೆ ಟೀ ಡಿಕಾಕ್ಷನ್ ಉಜ್ಜಿ ಮಾರುವವರೂ ಇದ್ದಾರೆ, ಹುಷಾರು.

ಇದರಲ್ಲಿ ಊಟ ಮಾಡಬಹುದಾ?

ಸೀಸವಿಲ್ಲದ ಗ್ಲೇಜ್ ಅಂತ ಖಾತ್ರಿ ಇದ್ದರೆ ಮಾಡಬಹುದು. ಹಳೇ ತಟ್ಟೆ, ಎಲ್ಲಿಯದೋ ಗೊತ್ತಿಲ್ಲದ ತಟ್ಟೆ, ಪ್ರವಾಸದಲ್ಲಿ ರಸ್ತೆ ಬದಿ ಕೊಂಡ ತಟ್ಟೆ ಇವು ಗೋಡೆಗೇ ಇರಲಿ. ಸರಿಯಾಗಿ ಬೇಯದ ಸೀಸದ ಗ್ಲೇಜಿನಿಂದ ಹುಳಿ ಪದಾರ್ಥ ಸೀಸವನ್ನು ಬಿಡಿಸಿಕೊಳ್ಳುತ್ತದೆ. ನಮ್ಮ ಊಟದಲ್ಲಿ ಹುಳಿ ಇಲ್ಲದ್ದು ಯಾವುದು ಹೇಳಿ? ಸಾರು, ಗೊಜ್ಜು, ಮೊಸರು, ನಿಂಬೆಹಣ್ಣು. ಸೀಸ ಮಕ್ಕಳ ಮಿದುಳಿಗೆ ದೊಡ್ಡ ಕಂಟಕ. ಕಣ್ಣಿಗೆ ಕಾಣುವುದಿಲ್ಲ, ರುಚಿಯಲ್ಲಿ ತಿಳಿಯುವುದಿಲ್ಲ.

ನನಗೆ ಬುದ್ಧಿ ಬಂದದ್ದು ಒಂದು ಕಿತ್ತಳೆ ಬಣ್ಣದ ತಟ್ಟೆಯಿಂದ. ಊಟಕ್ಕೂ ಆಗುತ್ತೆ ಅಂತ ಅಂಗಡಿಯವರು ಹೇಳಿ ಕೊಟ್ಟಿದ್ದರು. ರಾತ್ರಿ ಅದರಲ್ಲಿ ನಿಂಬೆ ಉಪ್ಪಿನಕಾಯಿ ಹಾಕಿ ಮರೆತೆ. ಬೆಳಿಗ್ಗೆ ತೊಳೆದಾಗ ಉಪ್ಪಿನಕಾಯಿ ಕೂತಿದ್ದ ಕಡೆ ಹೊಳಪು ಹೋಗಿ ಬಿಳಿಚಿಕೊಂಡ ಉಂಗುರ ಉಳಿದಿತ್ತು. ಉಪ್ಪಿನಕಾಯಿ ಎಸೆದೆ. ಆ ತಟ್ಟೆಯೂ ಗೋಡೆ ಮೇಲೆಯೇ ಇದೆ, ಎಡಗಡೆಯಿಂದ ಎರಡನೆಯದು.

ಮೈಕ್ರೋವೇವ್‌ನಲ್ಲಿ ಇಡಬೇಡಿ. ಚಕ್ಕೆ ಎದ್ದ ಜಾಗದಿಂದ ಮಣ್ಣು ನೀರು ಹೀರಿರುತ್ತದೆ, ಬಿಸಿಯಾಗಿ ಸೀಳಬಹುದು.

ನಮ್ಮ ಕುಂಬಾರರು ಯಾಕೆ ಗ್ಲೇಜ್ ಹಾಕಲಿಲ್ಲ? ಗೊತ್ತಿರಲಿಲ್ಲವಾ?

ಬೇಕಿರಲಿಲ್ಲ ಅನ್ನುವುದು ಸರಿ. ಬೇಸಿಗೆಯ ನೀರಿನ ಮಡಕೆಗೆ ಗ್ಲೇಜ್ ಹಾಕಿದರೆ ನೀರು ತಣ್ಣಗಾಗುವುದೇ ಇಲ್ಲ. ಮಡಕೆ ಬೆವರಬೇಕು, ಆ ಬೆವರು ಆರಿದಾಗಲೇ ತಂಪು. ಇನ್ನು ಮಡಿ ಮೈಲಿಗೆಯ ವಿಚಾರ. ಮೈಲಿಗೆಯಾದ ಮಡಕೆಯನ್ನು ಒಡೆದು ಹೊಸದು ತರುವ ಪದ್ಧತಿ ಇದ್ದಲ್ಲಿ, ಹಬ್ಬಕ್ಕೆ, ಮದುವೆಗೆ ಹೊಸ ಮಡಕೆಯೇ ಬೇಕೆನ್ನುವಲ್ಲಿ, ವರ್ಷಗಟ್ಟಲೆ ಬಾಳುವ ದುಬಾರಿ ಪಾತ್ರೆ ಯಾರು ಕೊಳ್ಳುತ್ತಾರೆ? ಒಣ ಹುಲ್ಲು, ಬೆರಣಿ, ಸೌದೆ ಒಟ್ಟಿ ಸುಡುವ ಆವಿಗೆಯಲ್ಲಿ ಬೂದಿ ಹಾರಿ ಗ್ಲೇಜಿಗೆ ಮೆತ್ತಿಕೊಳ್ಳುತ್ತದೆ. ಬಿಸಿಯೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ.

ಆದರೆ ಗ್ಲೇಜ್ ನಮ್ಮ ನೆಲಕ್ಕೆ ಬಂದೇ ಇಲ್ಲ ಅಂತಲ್ಲ. ಪಾತ್ರೆಯಾಗಿ ಬರಲಿಲ್ಲ, ಗೋಡೆಯಾಗಿ ಬಂತು. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನೋಡಿ. ಅವನ ಹುಟ್ಟೂರು ಇರಾನಿನ ಗೀಲಾನ್, ಕಟ್ಟಡದ ಮಾದರಿಯೂ ಅಲ್ಲಿಯದೇ. ಉಳಿದಿರುವ ಮಿನಾರಿನ ಮೈ ಸುತ್ತ ಬಣ್ಣದ ಟೈಲ್ಸ್ ಅಂಕುಡೊಂಕಾಗಿ ಏರುತ್ತದೆ. ನೀಲಿ, ಬಿಳಿ, ಹಳದಿ, ಹಸಿರು. ಎದುರು ಗೋಡೆಯ ಮೇಲ್ಭಾಗದಲ್ಲಿ ಕುರಾನಿನ ಸಾಲುಗಳು. 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಅರ್ಧ ಹಾರಿ ಹೋಯಿತು. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಟೈಲ್ಸ್ ಉದುರಿದ ಕಡೆ ಗಾರೆಯಲ್ಲಿ ಅದರ ಆಕಾರ ಹಾಗೇ ಅಚ್ಚಾಗಿ ಉಳಿದಿರುವುದು ಕಾಣುತ್ತದೆ. ಕೋಟೆಯೊಳಗಿನ ರಂಗೀನ್ ಮಹಲ್, ಅಷ್ಟೂರಿನ ಅಲಾವುದ್ದೀನ್ ಬಹಮನಿಯ ಗೋರಿ, ಇವುಗಳಲ್ಲೂ ಟೈಲ್ಸ್ ಉಳಿದಿದೆ. ಬೀದರ್ ಅಂದರೆ ಬಿದ್ರಿ ಹೂಜಿ ಕೊಂಡು ವಾಪಸ್ ಬರುವವರೇ ಜಾಸ್ತಿ. ಅರ್ಧ ದಿನ ಇದಕ್ಕೂ ಇಡಿ.

ಜೈಪುರದ ನೀಲಿ ಪಾತ್ರೆ ಇದೇ ತಾನೇ?

ನೋಡಲು ಹಾಗೇ, ಒಳಗೆ ಬೇರೆ. ಅದರಲ್ಲಿ ಕುಂಬಾರರ ಮಾಮೂಲಿ ಜೇಡಿಮಣ್ಣೇ ಇಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು ಸೇರಿಸಿ ಕಲಸಿ ಅಚ್ಚಿನಲ್ಲಿ ಒತ್ತುತ್ತಾರೆ. ಇರಾನಿನ ಇನ್ನೊಂದು ಕವಲಿನ ವಿದ್ಯೆ ಅದು.

ಗೋವಾದ ಬಣ್ಣದ ಟೈಲ್ಸ್?

ಹೌದು, ಅದು ಇದೇ ಮನೆತನ. ಪಣಜಿಯ ಮೆನೆಜಿಸ್ ಬ್ರಗಾಂಜಾ ಸಂಸ್ಥೆಯ ಬಾಗಿಲ ಒಳಗೆ ಕಾಲಿಟ್ಟರೆ ಗೋಡೆ ತುಂಬ ನೀಲಿ ಅಜುಲೇಜು. ಪೋರ್ಚುಗೀಸ್ ಕವಿ ಕಮೋಯಿಸ್‌ನ ಮಹಾಕಾವ್ಯದ ದೃಶ್ಯಗಳು, 1935ರವು. ಬರೆದವನು ಜಾರ್ಜ್ ಕೊಲಾಸೋ. ಪೋರ್ಟೋ ನಗರದ ಸಾವ್ ಬೆಂಟೋ ರೈಲು ನಿಲ್ದಾಣದ ಸುಮಾರು 20,000 ಟೈಲ್ಸ್ ಕೂಡ ಇವನದೇ ಕೈ. ಹುಬ್ಬಳ್ಳಿ, ಕಾರವಾರದವರಿಗೆ ಲಿಸ್ಬನ್ ತನಕ ಹೋಗುವ ಕೆಲಸವಿಲ್ಲ.

ನಮ್ಮ ಹಳೇ ಮನೆಯ ದೇವರ ಕೋಣೆಯಲ್ಲಿ ಉಬ್ಬು ಹೂವಿನ ಟೈಲ್ಸ್ ಇದೆ. ಅದು ಪೋರ್ಚುಗೀಸರದಾ?

ಬಹುಶಃ ಜಪಾನಿನದು. ಇಂಗ್ಲೆಂಡಿನ ಆ ಮಜೋಲಿಕಾ ಟೈಲ್ಸ್ ನೋಡಿ ಜಪಾನಿನವರು ಕಡಿಮೆ ಬೆಲೆಗೆ ಮಾಡಲು ಕಲಿತರು. 1910ರಿಂದ 1930ರ ದಶಕದ ತನಕ ಭಾರತಕ್ಕೆ ಹಡಗುಗಟ್ಟಲೆ ಬಂತು. ಚೆಟ್ಟಿನಾಡಿನ ಬಂಗಲೆಗಳಲ್ಲಿ ಗೋಡೆ ಗೋಡೆಯೇ ಇದೆ. ನಮ್ಮವರ ರುಚಿ ತಿಳಿದು ಕೃಷ್ಣ, ಲಕ್ಷ್ಮಿ, ಸರಸ್ವತಿಯ ಟೈಲ್ಸನ್ನೂ ಮಾಡಿ ಕಳಿಸಿದರು. ಮನೆ ಕೆಡವುವಾಗ ಒಂದನ್ನು ನಿಧಾನವಾಗಿ ಬಿಡಿಸಿ ಹಿಂಬದಿ ನೋಡಿ. ಜಪಾನಿನ ಹೆಸರು ಅಚ್ಚಾಗಿದ್ದರೂ ಇರಬಹುದು. ದಯವಿಟ್ಟು ಕಲ್ಲುಮಣ್ಣಿನ ಜೊತೆ ಲಾರಿಗೆ ತುಂಬಬೇಡಿ.

ನಾನೂ ಕಲಿಯಬಹುದಾ?

ಖಂಡಿತ. ಕುಂಬಾರಿಕೆ ಕಲಿಯಬೇಕೆಂದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರವಿದೆ. ಬೆಂಗಳೂರು, ಮೈಸೂರಿನಲ್ಲಿ ಸಣ್ಣ ಸ್ಟುಡಿಯೋಗಳು ವಾರಾಂತ್ಯದ ತರಗತಿ ನಡೆಸುತ್ತವೆ. ಸೀಸವಿಲ್ಲದ ಬಿಳಿ ಗ್ಲೇಜ್ ಪುಡಿ ಸಿದ್ಧವಾಗಿ ಸಿಗುತ್ತದೆ. ಒಮ್ಮೆ ಸುಟ್ಟ ತಟ್ಟೆಯನ್ನೂ ಅವರೇ ಕೊಡುತ್ತಾರೆ. ನೀವು ಬರೆದರೆ ಸಾಕು. ಗ್ಲೇಜ್ ಪುಡಿ ಕದಡುವಾಗ ಮಾಸ್ಕ್ ಹಾಕಿಕೊಳ್ಳಿ, ಮರಳಿನ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೊದಲ ತಟ್ಟೆಗೆ ಮನುಷ್ಯರ ಮುಖ ಬೇಡ. ಎಲೆ, ಮೀನು, ಹಕ್ಕಿ ಸಾಕು.

ನಡುವಿನ ತಟ್ಟೆಯ ಗಿಳಿಗೆ ಕೊಕ್ಕು ಯಾಕೆ ಸೊಟ್ಟ?

ಬರೆಯುವಾಗ ಯಾರೋ ಕಾಲಿಂಗ್ ಬೆಲ್ ಒತ್ತಿದರು. ಅಳಿಸಲು ಆಗುವುದಿಲ್ಲ ಅಂದೆನಲ್ಲ.